ಬೇರಿಂಗ್-ಗೌಲ್ಡ್ ಪಾದ್ರಿಯ ಮೊದಲ ಮುದ್ರಣಗಳು

(ಹಳೆ ಪುಸ್ತಕಗಳ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಿಷನ್ ಶಾಲೆಗಳಲ್ಲಿ ಓದಿದವರು ಇಲ್ಲಿ ಕೆಲವರಾದರೂ ಇರುತ್ತೀರಿ. ‘ಆನ್‌ವರ್ಡ್, ಕ್ರಿಶ್ಚಿಯನ್ ಸೋಲ್ಜರ್ಸ್’ ಹಾಡು ನಿಮ್ಮ ಕಿವಿಗೆ ಬಿದ್ದಿರಬೇಕು. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾರ್ಬರಿ ಎಂಬ ಊರಿನಲ್ಲಿ, ಮಕ್ಕಳು ಮೆರವಣಿಗೆಯಲ್ಲಿ ಹಾಡಿಕೊಂಡು ಹೋಗಲಿ ಅಂತ ಒಬ್ಬ ಕಿರಿಯ ಪಾದ್ರಿ ಬರೆದುಕೊಟ್ಟ ಹಾಡು ಅದು. 1864ರ ಅಕ್ಟೋಬರ್‌ನಲ್ಲಿ ಒಂದು ಚರ್ಚ್ ಪತ್ರಿಕೆಯಲ್ಲಿ ಅಚ್ಚಾಯಿತು. 1871ರಲ್ಲಿ ಸಂಗೀತಗಾರ ಆರ್ಥರ್ ಸಲ್ಲಿವನ್ ಅದಕ್ಕೆ ಹೊಸ ರಾಗ ಹಾಕಿದರು. ಆಮೇಲೆ ಹಾಡು ಲೋಕವನ್ನೇ ಸುತ್ತಿತು. 1941ರ ಆಗಸ್ಟ್‌ನಲ್ಲಿ ಚರ್ಚಿಲ್ ಮತ್ತು ರೂಸ್‌ವೆಲ್ಟ್ ಸಮುದ್ರದ ಮೇಲೆ ಭೇಟಿಯಾದರಲ್ಲ, ಆಗ ಹಡಗಿನ ಭಾನುವಾರದ ಪ್ರಾರ್ಥನೆಯಲ್ಲೂ ಇದನ್ನು ಹಾಡಿದರು.

ಆ ಪಾದ್ರಿಯ ಹೆಸರು ಸಬೀನ್ ಬೇರಿಂಗ್-ಗೌಲ್ಡ್. ಹಾಡು ಉಳಿಯಿತು, ಬರೆದವರ ಹೆಸರು ಹಿಂದೆ ಸರಿಯಿತು. ಆದರೆ ಆ ಹಾಡು ಅವರ ಬರವಣಿಗೆಯ ರಾಶಿಯಲ್ಲಿ ಒಂದು ಚೂರು ಮಾತ್ರ. ಪುಸ್ತಕ, ಕಿರುಹೊತ್ತಿಗೆ, ಲೇಖನ ಎಲ್ಲ ಸೇರಿ ಅವರ ಪ್ರಕಟಣೆಗಳ ಪಟ್ಟಿ 1,240ನ್ನು ದಾಟುತ್ತದೆ. ಆ ಪಟ್ಟಿ ಇನ್ನೂ ಬೆಳೆಯುತ್ತಲೇ ಇದೆ. ಒಂದು ಕಾಲಕ್ಕೆ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಕ್ಯಾಟಲಾಗಿನಲ್ಲಿ, ಬದುಕಿದ್ದ ಇಂಗ್ಲಿಷ್ ಲೇಖಕರ ಪೈಕಿ ಇವರ ಹೆಸರಿನಲ್ಲೇ ಅತಿ ಹೆಚ್ಚು ಪುಸ್ತಕಗಳಿದ್ದವು ಎಂಬ ಮಾತೂ ಇದೆ. ಕಾದಂಬರಿಗಳೇ ಮೂವತ್ತಕ್ಕೂ ಹೆಚ್ಚು. ಜೊತೆಗೆ ಸಂತರ ಚರಿತ್ರೆ, ಐಸ್‌ಲ್ಯಾಂಡ್ ಪ್ರವಾಸ, ತೋಳಮನುಷ್ಯರ ಕಥೆ, ಜನಪದ ಗೀತೆ, ಧರ್ಮೋಪದೇಶ, ದೆವ್ವದ ಕಥೆ, ನೆಪೋಲಿಯನ್ ಚರಿತ್ರೆ, ಡಾರ್ಟ್‌ಮೂರ್ ಬಯಲಿನ ಕಲ್ಲುಗಳ ಬಗ್ಗೆ ಒಂದು ಪುಸ್ತಕ. ಇವರ ಮೊದಲ ಮುದ್ರಣಗಳನ್ನು ಕೂಡಿಸುತ್ತೇನೆ ಅಂತ ಹೊರಟವರಿಗೆ ಸಂಗ್ರಹ ಪೂರ್ತಿಯಾಗುವ ಆಸೆ ಮೊದಲ ವರ್ಷವೇ ಬಿಟ್ಟುಹೋಗುತ್ತದೆ.

ಹಾಗಾದರೆ ಯಾಕೆ ಕೂಡಿಸಬೇಕು? ನನಗೆ ಕಂಡ ಕಾರಣ ಇದು. ಇಷ್ಟು ಬಗೆಯಲ್ಲಿ, ಇಷ್ಟು ವರ್ಷ, ಇಷ್ಟೊಂದು ಪ್ರಕಾಶಕರಿಗೆ ಬರೆದ ಒಬ್ಬನೇ ಮನುಷ್ಯನ ಪುಸ್ತಕಗಳನ್ನು ಒಂದೆಡೆ ಇಟ್ಟು ನೋಡಿದರೆ, ಆ ಕಾಲದ ಓದುಗರು ಕಣ್ಣಿಗೆ ಕಾಣಿಸುತ್ತಾರೆ. ಯಾವ ಪುಸ್ತಕ ಇಂದಿಗೂ ಸುಲಭವಾಗಿ ಸಿಗುತ್ತದೆ, ಯಾವುದು ಎಷ್ಟು ಹುಡುಕಿದರೂ ಸಿಗುವುದಿಲ್ಲ ಅನ್ನುವುದರ ಹಿಂದೆ ಜನ ಅದನ್ನು ಹೇಗೆ ಬಳಸಿದರು ಎಂಬ ಕಥೆ ಇರುತ್ತದೆ. ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ.

ಮೊದಲು ಮನುಷ್ಯನ ಪರಿಚಯ ಚಿಕ್ಕದಾಗಿ ಮಾಡಿಕೊಡುತ್ತೇನೆ.

ಹುಟ್ಟಿದ್ದು 1834ರ ಜನವರಿ 28, ಡೆವನ್ ಸೀಮೆಯ ಎಕ್ಸಿಟರ್‌ನಲ್ಲಿ. ತೀರಿಕೊಂಡದ್ದು 1924ರ ಜನವರಿ 2. ಇನ್ನು ಕೆಲವು ದಿನ ಇದ್ದಿದ್ದರೆ ತೊಂಬತ್ತು ತುಂಬುತ್ತಿತ್ತು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಅಶ್ವದಳದಲ್ಲಿ ಇದ್ದವರು. ಗಾಡಿ ಅಪಘಾತದಲ್ಲಿ ಪೆಟ್ಟಾಗಿ ಕೆಲಸ ಬಿಟ್ಟರು. ಆಮೇಲೆ ಅವರಿಗೆ ಒಂದೂರಲ್ಲಿ ನೆಲೆ ನಿಲ್ಲಲು ಮನಸ್ಸೇ ಬರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಯುರೋಪ್ ಸುತ್ತಿದರು. ಹಾಗಾಗಿ ಹುಡುಗ ಶಾಲೆಗೆ ಹೋಗಿದ್ದು ಕಡಿಮೆ, ಭಾಷೆ ಕಲಿತಿದ್ದು ಜಾಸ್ತಿ. ಕೇಂಬ್ರಿಡ್ಜ್‌ನಲ್ಲಿ ಓದಿ, ಕೆಲವು ವರ್ಷ ಮೇಷ್ಟ್ರಾಗಿದ್ದು, 1864ರಲ್ಲಿ ಪಾದ್ರಿಯಾದರು.

ಹಾರ್ಬರಿಯಲ್ಲಿ ಗ್ರೇಸ್ ಟೇಲರ್ ಎಂಬ ಗಿರಣಿ ಕೆಲಸದ ಹುಡುಗಿಯನ್ನು ಮೆಚ್ಚಿದರು. ಅಂತಸ್ತಿನ ಲೆಕ್ಕದಲ್ಲಿ ಆ ಕಾಲಕ್ಕೆ ಅದು ದೊಡ್ಡ ಮಾತು. 1868ರಲ್ಲಿ ಮದುವೆಯಾಯಿತು. 48 ವರ್ಷ ಸಂಸಾರ ನಡೆಯಿತು, ಹದಿನೈದು ಮಕ್ಕಳಾದರು. 1916ರಲ್ಲಿ ಗ್ರೇಸ್ ತೀರಿಕೊಂಡಾಗ ಸಮಾಧಿಯ ಕಲ್ಲಿನ ಮೇಲೆ ‘ನನ್ನ ಪ್ರಾಣದ ಅರ್ಧ’ ಎಂದು ಲ್ಯಾಟಿನ್‌ನಲ್ಲಿ ಕೆತ್ತಿಸಿದರು.

1871ರಿಂದ ಹತ್ತು ವರ್ಷ ಎಸೆಕ್ಸ್ ಸೀಮೆಯ ಈಸ್ಟ್ ಮರ್ಸೀಯಲ್ಲಿ ಇದ್ದರು. ಸುತ್ತ ಉಪ್ಪುನೀರಿನ ಜವುಗು ನೆಲ. ಅಷ್ಟರಲ್ಲಿ ತಂದೆ ತೀರಿಕೊಂಡು ಡೆವನ್‌ನ ಲ್ಯೂ ಟ್ರೆಂಚರ್ಡ್ ಜಮೀನು ಇವರ ಕೈಗೆ ಬಂತು. ಅಲ್ಲಿನ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರರದ್ದೇ. ಆ ಜಾಗದಲ್ಲಿದ್ದ ಚಿಕ್ಕಪ್ಪ 1881ರಲ್ಲಿ ಹೋದ ಮೇಲೆ ಇವರು ತಮ್ಮನ್ನೇ ನೇಮಿಸಿಕೊಂಡರು. ಊರಿಗೆ ಜಮೀನ್ದಾರರೂ ಅವರೇ, ಪಾದ್ರಿಯೂ ಅವರೇ. ಮನೆ ಶಿಥಿಲ, ಚರ್ಚೂ ಶಿಥಿಲ. ಒಕ್ಕಲುಗಳ ಮನೆಗಳೂ ರಿಪೇರಿಗೆ ಬಂದಿದ್ದವು. ಮಕ್ಕಳ ಖರ್ಚು ಬೇರೆ. ಜಮೀನಿನ ಆದಾಯ ಇದಕ್ಕೆಲ್ಲ ಎಲ್ಲಿ ಸಾಲಬೇಕು? ಕಾದಂಬರಿ ಬರೆದು ಮನೆ ಕಟ್ಟಿಸಿದರು. ಎತ್ತರದ ಮೇಜಿನ ಮುಂದೆ ನಿಂತುಕೊಂಡೇ ಬರೆಯುತ್ತಿದ್ದರು.

ಈಗ ಪುಸ್ತಕಗಳಿಗೆ ಬರೋಣ. ಎಲ್ಲಕ್ಕಿಂತ ಕಷ್ಟದ ಗುಂಪು ಕಾದಂಬರಿಗಳದ್ದು.

ವಿಕ್ಟೋರಿಯಾ ಕಾಲದ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು. ಬೆಲೆ ಒಂದೂವರೆ ಗಿನಿ, ಅಂದರೆ 31 ಷಿಲಿಂಗ್ 6 ಪೆನ್ಸ್. ಹೊಲದ ಕೂಲಿಯವರ ಎರಡು ವಾರದ ಸಂಬಳವೂ ಅದಕ್ಕೆ ಸಾಲುತ್ತಿರಲಿಲ್ಲ. ಮಧ್ಯಮ ವರ್ಗದವರೂ ಅದನ್ನು ಕೊಂಡು ಓದುತ್ತಿರಲಿಲ್ಲ. ಕೊಳ್ಳುತ್ತಿದ್ದದ್ದು ಬಾಡಿಗೆ ಗ್ರಂಥಾಲಯಗಳು. ಅವುಗಳಲ್ಲಿ ದೊಡ್ಡದು ಲಂಡನ್ನಿನ ಮ್ಯೂಡೀಸ್. ವರ್ಷಕ್ಕೆ ಒಂದು ಗಿನಿ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಕೊಡುತ್ತಿದ್ದರು. ಕಾದಂಬರಿ ಮೂರು ಸಂಪುಟವಾದರೆ ಒಂದೇ ಪ್ರತಿಯನ್ನು ಒಂದೇ ಹೊತ್ತಿಗೆ ಮೂರು ಮನೆಗೆ ಕಳಿಸಬಹುದಲ್ಲ! ಹಾಗಾಗಿ ಮೂರು ಸಂಪುಟದ ಪದ್ಧತಿ ಅಷ್ಟು ಕಾಲ ಗಟ್ಟಿಯಾಗಿ ನಿಂತಿತು. ನಮ್ಮ ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ನೆನೆಸಿಕೊಳ್ಳಿ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಕನ್ನಡ ಕಾದಂಬರಿಗಳ ಮೊದಲ ಮುದ್ರಣ ಈಗ ಸಿಗುವುದು ಅಲ್ಲಿಂದ ಹೊರಬಿದ್ದ ಪ್ರತಿಗಳಲ್ಲೇ. ಮೂಲೆ ಮಡಚಿ, ರಟ್ಟು ಕಳಚಿ, ಕೊನೆಯ ಪುಟ ಹರಿದು. ವಿಕ್ಟೋರಿಯಾ ಕಾಲದ ಕಾದಂಬರಿಗಳ ಪಾಡೂ ಅದೇ.

ನನ್ನ ಬಳಿ ‘ಊರಿತ್’ ಕಾದಂಬರಿಯ ಒಂದು ಸೆಟ್ ಇದೆ. ಡಾರ್ಟ್‌ಮೂರ್ ಕಥೆ, 1891, ಮೆಥ್ಯುಯೆನ್ ಪ್ರಕಟಣೆ, ಮೂರು ಸಂಪುಟ. ಮೂರೂ ಪುಸ್ತಕಗಳ ಮೇಲ್ಹೊದಿಕೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಬಟ್ಟೆಯ ಬಣ್ಣ ಬೇರೆ. ಗ್ರಂಥಾಲಯದ ಚೀಟಿ ಅಂಟಿಸಿದ್ದ ಜಾಗ ಅದು. ಯಾರೋ ನೀರು ಹಚ್ಚಿ ಚೀಟಿ ಕಿತ್ತಿದ್ದಾರೆ. ಒಂದು ಸಂಪುಟದ ಅಂಚಿನಲ್ಲಿ ಹಳದಿ ಕಾಗದದ ಎಳೆ ಇನ್ನೂ ಅಂಟಿಕೊಂಡಿದೆ. ಮ್ಯೂಡೀಸ್‌ನವರ ಚೀಟಿ ಹಳದಿ ಬಣ್ಣದ್ದು, ಅದರ ಮೇಲೆ ರೆಕ್ಕೆಯ ಕುದುರೆಯ ಚಿತ್ರ ಇರುತ್ತಿತ್ತು. ನನ್ನ ಪ್ರತಿ ಅಲ್ಲಿಂದಲೇ ಬಂದಿರಬಹುದು. ಇನ್ನೊಂದು ವಿಷಯ ನೋಡಿ. ಮೊದಲ ಸಂಪುಟ ತುಂಬ ಸವೆದಿದೆ. ಬೆನ್ನಿನ ಮೇಲ್ತುದಿ ಹರಿದಿದೆ, ಪುಟಗಳ ಕೆಳ ಅಂಚು ಬೆರಳಿನ ಜಿಡ್ಡಿಗೆ ಕಂದಾಗಿದೆ. ಎರಡನೆಯದು ಅಷ್ಟಿಲ್ಲ. ಮೂರನೆಯದು ಇನ್ನೂ ಚೊಕ್ಕವಾಗಿದೆ. ಮೊದಲ ಸಂಪುಟ ತೆಗೆದುಕೊಂಡು ಹೋದವರೆಲ್ಲ ಮೂರನೆಯದನ್ನು ಕೇಳಿಕೊಂಡು ಬರಲಿಲ್ಲ. ಯಾವ ವಿಮರ್ಶೆಯಲ್ಲೂ ಸಿಗದ ಸಂಗತಿ ಇದು. ಆ ಮೂರು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಕಾಣುತ್ತದೆ.

ಈ ಮೂರು ಸಂಪುಟದ ಪದ್ಧತಿ ಮುರಿದುಬಿದ್ದದ್ದು 1894ರಲ್ಲಿ. ಆ ವರ್ಷದ ಜೂನ್‌ನಲ್ಲಿ ಮ್ಯೂಡೀಸ್ ಮತ್ತು ಇನ್ನೊಂದು ದೊಡ್ಡ ಬಾಡಿಗೆ ಗ್ರಂಥಾಲಯವಾದ ಡಬ್ಲ್ಯು. ಎಚ್. ಸ್ಮಿತ್ ಇಬ್ಬರೂ ಪ್ರಕಾಶಕರಿಗೆ ಖಡಾಖಂಡಿತವಾಗಿ ಹೇಳಿದರು: ಇನ್ನು ಮುಂದೆ ಸಂಪುಟಕ್ಕೆ ನಾಲ್ಕು ಷಿಲಿಂಗ್‌ಗಿಂತ ಹೆಚ್ಚು ಕೊಡಲ್ಲ, ಅಗ್ಗದ ಆವೃತ್ತಿಯನ್ನು ಒಂದು ವರ್ಷ ಹೊರಗೆ ತರಬೇಡಿ. ಕೆಲವೇ ವರ್ಷಗಳಲ್ಲಿ ಮೂರು ಸಂಪುಟದ ಕಾದಂಬರಿ ಹೆಚ್ಚುಕಡಿಮೆ ಇಲ್ಲವಾಯಿತು. ಬೇರಿಂಗ್-ಗೌಲ್ಡ್ ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಈ ಬದಲಾವಣೆ ಶೆಲ್ಫಿನಲ್ಲೇ ಎದ್ದು ಕಾಣುತ್ತದೆ. 1890ರ ‘ಆರ್ಮಿನೆಲ್’ ಮೂರು ಸಂಪುಟ. 1892ರ ‘ಇನ್ ದ ರೋರ್ ಆಫ್ ದ ಸೀ’ ಮೂರು. 1894ರ ‘ಕಿಟ್ಟಿ ಅಲೋನ್’ ಮೂರು. 1895ರ ‘ನೋಎಮಿ’ ಒಂದೇ ಸಂಪುಟ. 1896ರ ‘ದ ಬ್ರೂಮ್-ಸ್ಕ್ವೈರ್’ ಒಂದೇ. ಒಂದು ಸಂಪುಟದ ಕಾದಂಬರಿಗೆ ಬೆಲೆ ಆರು ಷಿಲಿಂಗ್. ಈಗ ಓದುಗರೇ ಕೊಂಡುಕೊಳ್ಳಬಹುದು. ಹಾಗಾಗಿ 1895ರ ನಂತರದ ಮೊದಲ ಮುದ್ರಣಗಳು ಇವತ್ತು ಸಲೀಸಾಗಿ ಸಿಗುತ್ತವೆ, ಬೆಲೆಯೂ ಕಡಿಮೆ. ಅದಕ್ಕಿಂತ ಒಂದೇ ವರ್ಷ ಹಿಂದಿನದನ್ನು ಮೂರೂ ಸಂಪುಟ ಸಮೇತ, ಮೂಲ ಬೈಂಡಿಂಗ್‌ನಲ್ಲಿ ಹುಡುಕಲು ವರ್ಷಗಟ್ಟಲೆ ಕಾಯಬೇಕು.

ಕಾದಂಬರಿಗಳಲ್ಲಿ ಇನ್ನೊಂದು ತೊಡಕಿದೆ. ಕೆಲವಕ್ಕೆ ಲೇಖಕರ ಹೆಸರೇ ಇಲ್ಲ. ‘ಥ್ರೂ ಫ್ಲಡ್ ಅಂಡ್ ಫ್ಲೇಮ್’ 1868ರಲ್ಲಿ ಮೂರು ಸಂಪುಟಗಳಲ್ಲಿ ಹೆಸರಿಲ್ಲದೆ ಬಂತು. ಯಾರ್ಕ್‌ಶೈರ್ ಗಿರಣಿ ಊರಿನ ಕಥೆ. ಗ್ರೇಸ್ ಜೊತೆ ಮದುವೆಯಾದ ವರ್ಷವೇ ಅಂಥ ಊರಿನ ಕಥೆಯನ್ನು ಹೆಸರು ಹಾಕದೆ ಪ್ರಕಟಿಸಿದ್ದು ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಅವರ ಕಾದಂಬರಿಗಳಲ್ಲಿ ಅತಿ ಶ್ರೇಷ್ಠ ಅಂತ ನಾನು ತಿಳಿದಿರುವ ‘ಮೆಹಾಲಾ’ ಕೂಡ ಹಾಗೆಯೇ. 1880, ಸ್ಮಿತ್ ಎಲ್ಡರ್ ಪ್ರಕಟಣೆ, ಎರಡು ಸಂಪುಟ, ಹೆಸರಿಲ್ಲ. ಈಸ್ಟ್ ಮರ್ಸೀಯ ಜವುಗು ನೆಲದ ಕಥೆ. ಕೆಸರು, ಉಬ್ಬರ, ಮಂಜು, ಮತ್ತು ಬಿಡದೆ ಕಾಡುವ ಒಬ್ಬ ಕ್ರೂರಿ. ಕವಿ ಸ್ವಿನ್‌ಬರ್ನ್ ಇದನ್ನು ಎಮಿಲಿ ಬ್ರಾಂಟೆಯ ಕಾದಂಬರಿ ‘ವದರಿಂಗ್ ಹೈಟ್ಸ್’ ಸಾಲಿಗೆ ಸೇರಿಸಿ ಮಾತಾಡಿದರು. ಅಲ್ಲಿನ ಚರ್ಚಿನಲ್ಲಿ ಪಾದ್ರಿಯಾಗಿದ್ದುಕೊಂಡೇ ಅಲ್ಲಿನ ಜನರನ್ನು ಅಷ್ಟು ಕಟುವಾಗಿ ಚಿತ್ರಿಸಿದರು. ಹೆಸರು ಹಾಕಿದ್ದರೆ ಮರು ಭಾನುವಾರ ಚರ್ಚಿನಲ್ಲಿ ಜನರ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಸಂಗ್ರಹ ಮಾಡುವವರಿಗೆ ಇದರಿಂದ ಒಂದು ಉಪಯೋಗವಿದೆ. ಲೇಖಕರ ಹೆಸರಲ್ಲಿ ಹುಡುಕಿದರೆ ಈ ಪುಸ್ತಕಗಳು ಸಿಗುವುದಿಲ್ಲ. ಪುಸ್ತಕದ ಹೆಸರಲ್ಲಿ ಹುಡುಕಬೇಕು. ಮಾರುವವರು ಎಷ್ಟೋ ಸಲ ‘ಲೇಖಕರು ಗೊತ್ತಿಲ್ಲ’ ಅಂತ ಹಾಕಿರುತ್ತಾರೆ. ಬೆಲೆಯೂ ಹಾಗೇ ಇರುತ್ತದೆ.

‘ದ ಬುಕ್ ಆಫ್ ವೇರ್-ವುಲ್ವ್ಸ್’ ವಿಷಯ ಇದಕ್ಕೆ ತದ್ವಿರುದ್ಧ. 1865, ಸ್ಮಿತ್ ಎಲ್ಡರ್. ಇದು ಎಲ್ಲರಿಗೂ ಬೇಕು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ದೆವ್ವ ಭೂತದ ಸಾಹಿತ್ಯ ಕೂಡಿಸುವವರು. ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಬರೆಯುವ ಮುಂಚೆ ಓದಿ ಟಿಪ್ಪಣಿ ಮಾಡಿಕೊಂಡ ಪುಸ್ತಕಗಳಲ್ಲಿ ಇದೂ ಒಂದು. ಪುಸ್ತಕ ಶುರುವಾಗುವ ರೀತಿಯೇ ಚೆಂದ. ಬೇರಿಂಗ್-ಗೌಲ್ಡ್ ಫ್ರಾನ್ಸಿನ ಒಂದು ಹಳ್ಳಿಯ ಹತ್ತಿರ ಹಳೆಯ ಕಲ್ಲೊಂದನ್ನು ನೋಡಲು ಹೋಗಿದ್ದಾರೆ. ಹೊತ್ತು ಮುಳುಗಿತು. ವಾಪಸು ನಡೆದು ಹೋಗಬೇಕು, ಜೊತೆಗೆ ಬರಲು ಹಳ್ಳಿಯವರು ಒಬ್ಬರೂ ಒಪ್ಪುವುದಿಲ್ಲ. ಬಯಲಿನಲ್ಲಿ ತೋಳಮನುಷ್ಯ ಇದ್ದಾನೆ ಅಂತ ಎಲ್ಲರಿಗೂ ಭಯ. ಕಡೆಗೆ ಇವರೊಬ್ಬರೇ ಕೈಯಲ್ಲೊಂದು ದೊಣ್ಣೆ ಹಿಡಿದು ಹೊರಟರು. ಆ ರಾತ್ರಿಯೇ ಈ ನಂಬಿಕೆಯ ಬುಡ ಹುಡುಕಬೇಕು ಅನ್ನಿಸಿತಂತೆ. ಈ ಪುಸ್ತಕದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿಗೇ ಬಿಡುತ್ತೇನೆ.

ಸಂತರ ಚರಿತ್ರೆಯ ಬಗ್ಗೆ ಒಂದೆರಡು ಮಾತು. ‘ಲೈವ್ಸ್ ಆಫ್ ದ ಸೇಂಟ್ಸ್’ 1872ರಿಂದ 1877ರವರೆಗೆ 15 ಸಂಪುಟಗಳಲ್ಲಿ ಬಂತು. ಜನವರಿಯಿಂದ ಡಿಸೆಂಬರ್‌ವರೆಗೆ, ಯಾವ ದಿನಕ್ಕೆ ಯಾವ ಸಂತ ಅನ್ನುವ ಕ್ರಮದಲ್ಲಿ. 1897-98ರಲ್ಲಿ ನಿಮ್ಮೋ ಎಂಬ ಪ್ರಕಾಶಕರು ಚಿತ್ರಗಳನ್ನು ಸೇರಿಸಿ 16 ಸಂಪುಟಗಳಾಗಿ ಮತ್ತೆ ತಂದರು. ನೋಡಲು ಅದೇ ಸೊಗಸು. ಹಾಗಾಗಿ ಮಾರುವವರು ಅದನ್ನೇ ಮೊದಲ ಮುದ್ರಣ ಅಂತ ತೋರಿಸುವುದುಂಟು. 16 ಸಂಪುಟ ಅಂದ ಕೂಡಲೇ ಅದು ಮೊದಲನೆಯದಲ್ಲ ಅಂತ ತಿಳಿದುಕೊಳ್ಳಿ. ಆರು ವರ್ಷಗಳ ಉದ್ದಕ್ಕೂ ಬಿಡಿಬಿಡಿಯಾಗಿ ಬಂದದ್ದರಿಂದ ಮೊದಲ ಮುದ್ರಣದ ಸೆಟ್‌ಗಳಲ್ಲಿ ನಡುವೆ ಬೇರೆ ಮುದ್ರಣದ ಸಂಪುಟ ಸೇರಿಕೊಂಡಿರಬಹುದು. ಪ್ರತಿ ಸಂಪುಟದ ಶೀರ್ಷಿಕೆ ಪುಟವನ್ನೂ ತೆಗೆದು ನೋಡಬೇಕು.

ಈಗ ನನಗೆ ಅತಿ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಹಾಡುಗಳು.

1888ರಲ್ಲಿ ಒಬ್ಬ ಸ್ನೇಹಿತರ ಮನೆಯ ಊಟದ ಮೇಜಿನಲ್ಲಿ ಡೆವನ್‌ನ ಹಳೆಯ ಹಾಡುಗಳ ಮಾತು ಬಂತು. ಇವನ್ನು ಯಾರಾದರೂ ಬರೆದಿಡದಿದ್ದರೆ ಹಾಡುವವರ ಜೊತೆಗೇ ಹೋಗಿಬಿಡುತ್ತವೆ ಅಂತ ಆ ಮನೆಯವರು ಹೇಳಿದರು. ಐವತ್ತನಾಲ್ಕು ವರ್ಷದ ಪಾದ್ರಿ ಆ ಕೆಲಸವನ್ನು ತಾವೇ ಹೊತ್ತುಕೊಂಡರು. ಬೇಲಿ ಕಟ್ಟುವ ಮುದುಕ ಜೇಮ್ಸ್ ಪಾರ್ಸನ್ಸ್, ರಸ್ತೆಗೆ ಕಲ್ಲು ಒಡೆಯುವ ರಾಬರ್ಟ್ ಹಾರ್ಡ್, ಕಮ್ಮಾರ ಜಾನ್ ವುಡ್ರಿಚ್, ಹೀಗೆ ಓದು ಬರಹ ಹೆಚ್ಚಿಲ್ಲದ ಹಾಡುಗಾರರನ್ನು ಹುಡುಕಿಕೊಂಡು ಹೋದರು. ಮನೆಗೆ ಕರೆಸಿ ಬೆಂಕಿಯ ಮುಂದೆ ಕೂರಿಸಿ ಹಾಡಿಸಿದರು. ಸಂಗೀತ ಬಲ್ಲ ಇಬ್ಬರು ಜೊತೆಗಾರರು, ಫ್ಲೀಟ್‌ವುಡ್ ಶೆಪ್ಪರ್ಡ್ ಮತ್ತು ಬಸ್ಸೆಲ್, ಸ್ವರ ಬರೆದುಕೊಂಡರು. ಇಂಗ್ಲೆಂಡಿನ ಜನಪದ ಗೀತೆ ಕೂಡಿಸಿದ್ದಕ್ಕೆ ಹೆಸರಾದ ಸೆಸಿಲ್ ಶಾರ್ಪ್ ಈ ಕೆಲಸಕ್ಕೆ ಕೈಹಾಕುವುದಕ್ಕೆ ಹದಿನೈದು ವರ್ಷ ಮೊದಲಿನ ಮಾತು ಇದು.

‘ಸಾಂಗ್ಸ್ ಅಂಡ್ ಬ್ಯಾಲಡ್ಸ್ ಆಫ್ ದ ವೆಸ್ಟ್’ 1889ರಿಂದ ನಾಲ್ಕು ಬಿಡಿ ಭಾಗಗಳಾಗಿ ಬಂತು. ಮೊದಲ ಮುದ್ರಣದ ನಾಲ್ಕೂ ಭಾಗ ಒಟ್ಟಿಗೆ, ಹರಿಯದೆ ಸಿಗುವುದು ಬಹಳ ಅಪರೂಪ. ಕಾರಣ ಸರಳ. ಇವು ಶೆಲ್ಫಿನಲ್ಲಿ ಕೂರಲಿಲ್ಲ, ಪಿಯಾನೋ ಮೇಲೆ ಇದ್ದವು. ನನ್ನ ಬಳಿ ಇರುವ ಒಂದು ಭಾಗವನ್ನು ಇವತ್ತು ತಂದಿದ್ದೇನೆ. ಆಮೇಲೆ ಹತ್ತಿರ ಬಂದು ನೋಡಿ. ಹಾಳೆಗಳ ಕೆಳಗಿನ ಬಲ ಮೂಲೆ ಪುಡಿಯಾಗಿದೆ. ನುಡಿಸುತ್ತ ನುಡಿಸುತ್ತ ಸರಕ್ಕನೆ ಮಗುಚಿದ ಗುರುತು. ಒಂದು ಪುಟದಲ್ಲಿ ಮೇಣದ ಮೂರು ಹನಿ. ಎರಡು ಹಾಡುಗಳ ಸ್ವರಗಳ ಮೇಲೆ ಪೆನ್ಸಿಲ್‌ನಲ್ಲಿ ಬೆರಳಿನ ಅಂಕಿಗಳಿವೆ. ಒಂದು ಹಾಡಿನ ಪಕ್ಕದಲ್ಲಿ ಶ್ರುತಿ ಇಳಿಸಿಕೊಳ್ಳಲು ಗುರುತು ಮಾಡಿದ್ದಾರೆ. ಹಾಡುವವರ ಕಂಠ ಮೇಲಕ್ಕೆ ಹೋಗುತ್ತಿರಲಿಲ್ಲ ಅಂತ ಕಾಣುತ್ತದೆ. ಚೊಕ್ಕ ಪ್ರತಿ ಬೇಕು ಅನ್ನುವವರು ಇದನ್ನು ಮುಟ್ಟುವುದಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಪ್ರತಿ ಬೇಡ. ಕಲ್ಲು ಒಡೆಯುವವನ ಹಾಡು ಯಾರದೋ ಮನೆಯ ಪಡಸಾಲೆಗೆ ಬಂದು, ಮೇಣದ ಬತ್ತಿಯ ಬೆಳಕಿನಲ್ಲಿ ಮತ್ತೆ ಹಾಡಾಯಿತು ಅನ್ನುವುದಕ್ಕೆ ಈ ಹಾಳೆಗಳೇ ಸಾಕ್ಷಿ.

ಇಲ್ಲಿ ಮೊದಲ ಮುದ್ರಣದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲನೆಯದು ಅಂದ ಮಾತ್ರಕ್ಕೆ ಅದು ಮೂಲಕ್ಕೆ ಅತಿ ಹತ್ತಿರ ಅಂತ ಅಲ್ಲ. ಹಳ್ಳಿಯ ಹಾಡುಗಾರರ ಕೆಲವು ಸಾಲುಗಳು ಪಡಸಾಲೆಗೆ ತರುವಂಥದ್ದಲ್ಲ ಅನ್ನಿಸಿದಾಗ ಬೇರಿಂಗ್-ಗೌಲ್ಡ್ ಸಾಹಿತ್ಯವನ್ನು ತಿದ್ದಿದರು. ಕೆಲವು ಕಡೆ ತಾವೇ ಹೊಸದಾಗಿ ಬರೆದರು. ಅದಕ್ಕೆ ಅವರನ್ನು ಬೈದವರು ಬೇಕಾದಷ್ಟು. ಆದರೆ ಅವರು ಒಂದು ಕೆಲಸ ಮಾಡಿದರು. ಹಾಡುಗಾರರಿಂದ ಕೇಳಿ ಬರೆದುಕೊಂಡ ಟಿಪ್ಪಣಿ ಪುಸ್ತಕಗಳನ್ನೂ ಶುದ್ಧ ಪ್ರತಿಯನ್ನೂ 1914ರಲ್ಲಿ ಪ್ಲಿಮತ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರು. 1941ರ ಬಾಂಬ್ ದಾಳಿಯಲ್ಲಿ ಆ ಗ್ರಂಥಾಲಯದ ಕಟ್ಟಡ ಸುಟ್ಟುಹೋಯಿತು. ಹಸ್ತಪ್ರತಿಗಳು ಮಾತ್ರ ಉಳಿದವು. ಈಗ ಅವನ್ನು ಡಿಜಿಟಲ್ ರೂಪಕ್ಕೂ ತಂದಿದ್ದಾರೆ. ಹಾಗಾಗಿ ಅಚ್ಚಾದ ಹಾಡನ್ನೂ ಕೇಳಿದ ಹಾಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. 1905ರಲ್ಲಿ ಶಾರ್ಪ್ ಅವರನ್ನು ಸಂಗೀತದ ಸಂಪಾದಕರಾಗಿ ಇಟ್ಟುಕೊಂಡು ಬಂದ ಪರಿಷ್ಕೃತ ಆವೃತ್ತಿಯಲ್ಲಿ ಎಷ್ಟೋ ಬದಲಾವಣೆಗಳಿವೆ. ಸಂಗ್ರಹದಲ್ಲಿ ಎರಡೂ ಇರಬೇಕು. ಇಷ್ಟೊಂದು ಬರೆದ ಮನುಷ್ಯ ಮುಪ್ಪಿನಲ್ಲಿ ಹಿಂದಿರುಗಿ ನೋಡಿ, ತಮ್ಮ ಬಾಳಿನ ಮುಖ್ಯ ಸಾಧನೆ ಈ ಹಾಡುಗಳನ್ನು ಉಳಿಸಿದ್ದು ಎಂದರು. ಕಾದಂಬರಿಯ ಹೆಸರನ್ನಾಗಲಿ ಉಪದೇಶದ ಹೆಸರನ್ನಾಗಲಿ ಹೇಳಲಿಲ್ಲ.

ತಿದ್ದುವುದರ ಮಾತು ಬಂತಲ್ಲ, ‘ದ ವಿಕಾರ್ ಆಫ್ ಮೋರ್ವೆನ್‌ಸ್ಟೋ’ ಇನ್ನೊಂದು ಉದಾಹರಣೆ. ಕಾರ್ನ್‌ವಾಲ್‌ನ ಕಡಲ ದಂಡೆಯಲ್ಲಿ ಹಾಕರ್ ಎಂಬ ಪಾದ್ರಿ ಇದ್ದರು. ಹಡಗು ಒಡೆದು ಸತ್ತ ನಾವಿಕರ ಶವಗಳನ್ನು ತಾವೇ ತರಿಸಿ ಮಣ್ಣು ಮಾಡುತ್ತಿದ್ದರು. ಯೌವನದಲ್ಲಿ ಮತ್ಸ್ಯಕನ್ಯೆಯ ವೇಷ ಹಾಕಿ ಬಂಡೆಯ ಮೇಲೆ ಕೂತು ಊರವರನ್ನು ಬೆರಗುಗೊಳಿಸಿದವರು. 1875ರ ಆಗಸ್ಟ್‌ನಲ್ಲಿ ಸಾಯುವ ಹೊತ್ತಿಗೆ ಅವರು ಕ್ಯಾಥೊಲಿಕ್ ಆದದ್ದು ದೊಡ್ಡ ಗಲಾಟೆಯಾಯಿತು. ಆ ಬಿಸಿ ಆರುವ ಮುಂಚೆ, 1876ರಲ್ಲೇ, ಬೇರಿಂಗ್-ಗೌಲ್ಡ್ ಈ ಹಾಕರ್ ಅವರ ಜೀವನ ಚರಿತ್ರೆ ತಂದರು. ಅವಸರದ ಕೆಲಸ. ತಪ್ಪುಗಳನ್ನು ಎತ್ತಿ ತೋರಿಸಿದವರು ಬಹಳ. ಅದೇ ವರ್ಷ ತಿದ್ದಿದ ಆವೃತ್ತಿ ಬಂತು. ಎರಡರ ಶೀರ್ಷಿಕೆ ಪುಟದಲ್ಲೂ 1876 ಎಂದೇ ಇದೆ. ಬರೀ ಇಸವಿ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ‘ಪರಿಷ್ಕೃತ’ ಅನ್ನುವ ಮಾತು ಇದೆಯೇ ನೋಡಬೇಕು.

ಗುರುತು ಹಿಡಿಯುವ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಪುಸ್ತಕಗಳಲ್ಲಿ ಇರುವಂಥ ಮುದ್ರಣದ ವಿವರ ಆಗ ಇರುತ್ತಿರಲಿಲ್ಲ. ಶೀರ್ಷಿಕೆ ಪುಟದ ಇಸವಿಯೇ ಮೊದಲ ಆಧಾರ. ಆಮೇಲೆ ಪುಸ್ತಕದ ಕೊನೆಗೆ ಹೊಲಿದ ಪ್ರಕಾಶಕರ ಜಾಹೀರಾತು ಪಟ್ಟಿ. ಎಷ್ಟೋ ಸಲ ಅದರ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಶೀರ್ಷಿಕೆ ಪುಟ 1896 ಅಂತಿದ್ದು, ಪಟ್ಟಿ 1899ರದ್ದಾದರೆ, ಹಾಳೆಗಳು ಮೊದಲೇ ಅಚ್ಚಾಗಿ ಗೋದಾಮಿನಲ್ಲಿದ್ದು ನಂತರ ಬೈಂಡ್ ಆಗಿವೆ ಅಂತ ಅರ್ಥ. ಮೊದಲ ಮುದ್ರಣವೇ ಹೌದು, ಆದರೆ ಮೊದಲ ದಿನ ಅಂಗಡಿಗೆ ಬಂದ ಪ್ರತಿ ಅಲ್ಲ. ಶೀರ್ಷಿಕೆ ಪುಟಕ್ಕೂ ಮುಂಚೆ ಪುಸ್ತಕದ ಹೆಸರು ಮಾತ್ರ ಇರುವ ಒಂದು ಹಾಳೆ ಇರುತ್ತದೆ. ಮರುಬೈಂಡ್ ಮಾಡುವವರು ಮೊದಲು ಕಿತ್ತೆಸೆಯುವುದು ಅದನ್ನೇ. ನಮ್ಮ ಗ್ರಂಥಾಲಯಗಳಿಂದ ಹೊರಬಂದ ಹಳೆ ಪುಸ್ತಕಗಳನ್ನು ನೋಡಿದ್ದೀರಲ್ವಾ? ದಪ್ಪ ರಟ್ಟು, ಕ್ಯಾಲಿಕೊ ಬಟ್ಟೆ, ಅಂಚು ನೀಟಾಗಿ ಕತ್ತರಿಸಿರುತ್ತಾರೆ. ಓದುವುದಕ್ಕೆ ಗಟ್ಟಿ. ಆದರೆ ಮೂಲ ಬಟ್ಟೆ, ಆ ಹಾಳೆ, ಜಾಹೀರಾತು ಪಟ್ಟಿ ಎಲ್ಲ ಹೋಗಿರುತ್ತದೆ. ಪುಸ್ತಕದ ಪಠ್ಯ ಉಳಿದಿರುತ್ತದೆ, ಅದರ ಚರಿತ್ರೆ ಹೋಗಿರುತ್ತದೆ.

ನಮ್ಮ ಕಡೆಗೂ ಈ ಪುಸ್ತಕಗಳಿಗೂ ಏನು ಸಂಬಂಧ ಅಂದರೆ, ಕಲೋನಿಯಲ್ ಆವೃತ್ತಿಗಳು. ಮ್ಯಾಕ್‌ಮಿಲನ್, ಬೆಲ್, ಮೆಥ್ಯುಯೆನ್ ಮುಂತಾದ ಪ್ರಕಾಶಕರು ಭಾರತ ಮತ್ತು ವಸಾಹತುಗಳಲ್ಲಿ ಮಾರುವುದಕ್ಕೆಂದೇ ಬೇರೆ ಪ್ರತಿಗಳನ್ನು ಕಟ್ಟಿಸುತ್ತಿದ್ದರು. ಬೆಲೆ ಕಡಿಮೆ, ಬೈಂಡಿಂಗ್ ಸಾದಾ ಬಟ್ಟೆಯದ್ದು ಅಥವಾ ಬರೀ ಕಾಗದದ್ದು. ಇಂಗ್ಲೆಂಡಿನಲ್ಲಿ ಮಾರುವಂತಿಲ್ಲ ಎಂದು ಮೊದಲ ಪುಟದಲ್ಲೇ ಅಚ್ಚಾಗಿರುತ್ತಿತ್ತು. ದಂಡು ಪ್ರದೇಶದ ಕ್ಲಬ್ಬು, ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿ, ಎಸ್ಟೇಟ್ ಬಂಗಲೆ, ಇಂಥ ಕಡೆಯ ಓದುಗರಿಗೆ ಅವು. ಮೂರು ಸಂಪುಟದ ಭಾರ ಹಡಗು ಹತ್ತಿ ಇಲ್ಲಿಗೆ ಬರುತ್ತಿದ್ದದ್ದು ಕಡಿಮೆ. ಇಂಗ್ಲೆಂಡಿನ ಸಂಗ್ರಹಕಾರರು ಬಹಳ ಕಾಲ ಇವನ್ನು ಕಡೆಗಣಿಸಿದರು. ಅದು ಸರಿಯಲ್ಲ. ಹಲವು ಕಲೋನಿಯಲ್ ಪ್ರತಿಗಳ ಹಾಳೆಗಳು ಲಂಡನ್ ಪ್ರತಿಗಳ ಜೊತೆಗೇ ಅಚ್ಚಾದವು. ಉಳಿದಿರುವುದು ಬಹಳ ಕಡಿಮೆ. ಅಗ್ಗದ ಕಾಗದ, ನಮ್ಮ ಮಳೆಗಾಲ, ಗೆದ್ದಲು, ಇವೆಲ್ಲ ಸೇರಿ ಅವನ್ನು ಮುಗಿಸಿದವು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ, ಮೈಸೂರಿನ ಹಳೆ ಪುಸ್ತಕದಂಗಡಿಯಲ್ಲೋ ಅಂಥದ್ದೊಂದು ಕಣ್ಣಿಗೆ ಬಿದ್ದರೆ ಮುಖಪುಟ ಹೋಗಿದ್ದರೂ ಬಿಡಬೇಡಿ. ಮೊದಲ ಪುಟದ ಆ ಒಂದು ಸಾಲು ಇದೆಯೇ ನೋಡಿ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಎಲ್ಲ ಪುಸ್ತಕ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದಲ್ಲ, ಕಾಗದದ್ದು ಯಾಕೆ ಅಂತ ಒಬ್ಬರು ಕೇಳಿದರು. ಓದಲು ನಾನೂ ಅಲ್ಲಿಯೇ ಓದುತ್ತೇನೆ. ಓದಿ ಇಷ್ಟವಾದ ಮೇಲೆ ಹುಡುಕುತ್ತೇನೆ. ಆದರೆ ಸ್ಕ್ಯಾನ್ ಮಾಡಿದ್ದು ಒಂದು ಗ್ರಂಥಾಲಯದ ಒಂದು ಪ್ರತಿ, ಅದೂ ಎಷ್ಟೋ ಸಲ ಮರುಬೈಂಡ್ ಆದದ್ದು. ಮೊದಲ ಸಂಪುಟ ಸವೆದು ಮೂರನೆಯದು ಚೊಕ್ಕವಾಗಿರುವುದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ಇಷ್ಟು ಪ್ರತಿಗಳು ಎಲ್ಲಿ ಹೋದವು ಅಂತ ಇನ್ನೊಬ್ಬರು ಕೇಳಿದರು. ಓದಿ ಹರಿದವು ಅನ್ನುವುದು ಮೊದಲ ಉತ್ತರ. ಎರಡನೆಯದು ಯುದ್ಧ. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ನಿನ ಪ್ರಕಾಶಕರ ಬೀದಿ ಪಾಟರ್‌ನಾಸ್ಟರ್ ರೋ ಸುಟ್ಟಾಗ ಲಕ್ಷಗಟ್ಟಲೆ ಪುಸ್ತಕ ಬೂದಿಯಾಯಿತು. 1942ರ ಮೇ ತಿಂಗಳಲ್ಲಿ ಇವರು ಹುಟ್ಟಿದ ಎಕ್ಸಿಟರ್‌ನ ಗ್ರಂಥಾಲಯವೂ ಸುಟ್ಟಿತು. ಕಾಗದದ ಬರದಲ್ಲಿ ಹಳೆ ಪುಸ್ತಕಗಳನ್ನು ಜನರೇ ರದ್ದಿಗೆ ಕೊಟ್ಟರು. ಯಾರೂ ಓದದ ಧರ್ಮೋಪದೇಶದ ಹೊತ್ತಿಗೆಗಳು ಮೊದಲು ಹೋದವು. ಇವರ ಉಪದೇಶದ ಪುಸ್ತಕಗಳು ಈಗ ಸಿಗದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಬೆಲೆ ಮಾತ್ರ ಕಡಿಮೆ, ಯಾಕೆಂದರೆ ಕೇಳುವವರಿಲ್ಲ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅನ್ನುವುದು ಕೊನೆಯ ಪ್ರಶ್ನೆ. ತೋಳಮನುಷ್ಯರ ಪುಸ್ತಕದಿಂದ ಬೇಡ, ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. 1890ರ ‘ಓಲ್ಡ್ ಕಂಟ್ರಿ ಲೈಫ್’ ಅಥವಾ 1900ರ ‘ಎ ಬುಕ್ ಆಫ್ ಡಾರ್ಟ್‌ಮೂರ್’ ತೆಗೆದುಕೊಳ್ಳಿ. ಎರಡೂ ಒಂದೊಂದೇ ಸಂಪುಟ, ಮೆಥ್ಯುಯೆನ್ ಪ್ರಕಟಣೆ, ಸಾಕಷ್ಟು ಪ್ರತಿಗಳು ಓಡಾಡುತ್ತಿವೆ. ಡಾರ್ಟ್‌ಮೂರ್ ಪುಸ್ತಕದಲ್ಲಿ ಅವರು ಅಲ್ಲಿನ ಗ್ರಿಮ್ಸ್‌ಪೌಂಡ್ ಎಂಬ ಪುರಾತನ ನೆಲೆಯ ಕಲ್ಲುಗುಡಿಸಲುಗಳನ್ನು ಅಗೆದ ಅನುಭವವಿದೆ. 1894ರಲ್ಲಿ ಬರ್ನಾರ್ಡ್ ಮುಂತಾದವರ ಜೊತೆ ಸೇರಿ ಮಾಡಿದ ಕೆಲಸ ಅದು. ಓದಲೂ ಚೆನ್ನಾಗಿದೆ. ಕೊಳ್ಳುವಾಗ ಚಿತ್ರಗಳ ಪಟ್ಟಿ ತೆಗೆದು ಒಂದೊಂದೂ ಇದೆಯೇ ಅಂತ ಎಣಿಸಿ. ಚಿತ್ರಗಳನ್ನು ಕಿತ್ತು ಫ್ರೇಮ್ ಹಾಕಿಸಿ ಮಾರುವವರಿದ್ದಾರೆ. ಎಣಿಸಿ ಆದ ಮೇಲೆ ದುಡ್ಡು ಕೊಡಿ.